ಬೋರ್ಡಕ್ಕ ಬಿಟ್ಟ ವಾಹನಗಳು

ಬೋರ್ಡಕ್ಕ ನೇರವಾಗಿ ನಡೆದದ್ದನ್ನು ಕಂಡವರಿಲ್ಲ. ಇಪ್ಪತ್ತೆರಡು ವರ್ಷ ನಾಲ್ಕು ಸಾಲಿನ ರಸ್ತೆಯ ನಟ್ಟನಡುವೆ ನಿಂತು ಜನರನ್ನು ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ದಾಟಿಸಿದ ಆ ಹೆಂಗಸಿನ ದೇಹವು, ಮುಖವನ್ನು ಸದಾ ಬರುವ ವಾಹನಗಳ ಕಡೆಗೇ ಇಟ್ಟು ಪಕ್ಕಕ್ಕೆ ಪಕ್ಕಕ್ಕೆ ಸರಿಯುವುದನ್ನು ಎಷ್ಟು ಗಾಢವಾಗಿ ರೂಢಿಸಿಕೊಂಡಿತ್ತೆಂದರೆ, ಅಡುಗೆಮನೆಯಿಂದ ಒಂದು ತಟ್ಟೆ ತರುವಾಗಲೂ ಆಕೆ ಎಡಭುಜವನ್ನು ಮುಂದೆ ಮಾಡಿ, ಕುತ್ತಿಗೆಯನ್ನು ಬಲಕ್ಕೆ ತಿರುಗಿಸಿ, ಯಾರಿಗೂ ಕಾಣದ ಯಾವುದೋ ಲಾರಿಯನ್ನು ಕಣ್ಣಿನಲ್ಲೇ ತಡೆದು ನಿಲ್ಲಿಸುತ್ತ ಅಡ್ಡಡ್ಡ ಬರುತ್ತಿದ್ದಳು. ನೋಡಿದವರಿಗೆ ನಗು ಬರುತ್ತಿತ್ತು. ಆಕೆಯ ತಮ್ಮನಿಗೆ ಮಾತ್ರ ಬರುತ್ತಿರಲಿಲ್ಲ; ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದೂ ಅಕ್ಕನ ಆ ನಡಿಗೆಯನ್ನು ಕಂಡಾಗಲೆಲ್ಲ ಅವನಿಗೆ ಏನೋ ಬಂದು ಗುದ್ದಿಬಿಡುತ್ತದೆಂಬ ದಿಗಿಲು.

ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ಬಳಿದ, ಹಿಡಿಕೆಯಿದ್ದ ದುಂಡನೆಯ ತಗಡಿನ ಬೋರ್ಡೇ ಆಕೆಯ ಆಯುಧ, ಆಕೆಯ ಬಿರುದು, ಕೊನೆಗೆ ಆಕೆಯ ಹೆಸರು. ರಸ್ತೆಯ ಈ ಬದಿಯಲ್ಲಿ ಶಾಲೆ ಮತ್ತು ಬಸ್‌ಸ್ಟಾಪು, ಆ ಬದಿಯಲ್ಲಿ ದೊಡ್ಡಾಸ್ಪತ್ರೆ, ನಡುವೆ ಬಿಳಿಯ ಪಟ್ಟೆಗಳು. ಬೆಳಿಗ್ಗೆ ಎಂಟರಿಂದ ಹನ್ನೊಂದು, ಮಧ್ಯಾಹ್ನ ಮೂರರಿಂದ ಐದು, ಆ ಪಟ್ಟೆಗಳು ಆಕೆಯವು. "ಇರು, ಇರು, ಇರು... ಹ್ಞಾಂ, ಬಾ" ಎಂಬುದು ಆಕೆಯ ಮಂತ್ರ. ಮಕ್ಕಳಿಗೂ ಅದೇ, ಡಾಕ್ಟರಿಗೂ ಅದೇ. ಮನೆಗೆ ಬಂದರೆ ಉಕ್ಕುತ್ತಿರುವ ಹಾಲಿಗೂ ಅದೇ. ತಮ್ಮ ಏನಾದರೂ ಮುಖ್ಯವಾದ ಮಾತು ತೆಗೆದರೆ ಮೊದಲು ಅಂಗೈ ಎತ್ತಿ "ಇರು, ಇರು" ಎಂದು ತಡೆದು, ಕೈಯಲ್ಲಿದ್ದ ಕೆಲಸ ಮುಗಿಸಿ, ಆಮೇಲೆ "ಹ್ಞಾಂ, ಬಾ" ಎಂದು ಮಾತಿಗೆ ದಾರಿ ಬಿಡುತ್ತಿದ್ದಳು. ಅಷ್ಟರಲ್ಲಿ ಪಾಪ, ಅವನಿಗೆ ಹೇಳಬೇಕಾದದ್ದೇ ಮರೆತುಹೋಗಿರುತ್ತಿತ್ತು.

ಕೋಟಿನ ವಿಷಯವನ್ನು ಹೇಳದಿದ್ದರೆ ಚಿತ್ರ ಅಪೂರ್ಣವಾದೀತು. ನಗರಸಭೆ ಕೊಟ್ಟ ಆ ಕಿತ್ತಳೆ ಬಣ್ಣದ ಹೊಳೆಯುವ ಪಟ್ಟಿಯ ಕೋಟು ಆಕೆಗಿಂತ ಮೊದಲು ಆ ಕೆಲಸದಲ್ಲಿದ್ದ ಆರಡಿ ಎತ್ತರದ ಮನುಷ್ಯನದು. ಆಕೆಗೆ ಅದು ಕಣಕಾಲಿನವರೆಗೆ ಬರುತ್ತಿತ್ತು. ತೋಳುಗಳನ್ನು ಮೂರು ಸಲ ಮಡಿಚಬೇಕಿತ್ತು. ಹೊಲಿಗೆ ಬಲ್ಲ ತಮ್ಮನ ಹೆಂಡತಿ ಹತ್ತಾರು ಬಾರಿ ಕತ್ತರಿ ಹಿಡಿದು ನಿಂತಳು. "ಸುಮ್ನಿರಮ್ಮ, ಉದ್ದ ಇದ್ದಷ್ಟೂ ಡ್ರೈವರ್ ಕಣ್ಣಿಗೆ ಬೀಳ್ತೀನಿ. ಚೆಂದ ಕಾಣೋಕೆ ನಾನೇನು ಹಸೆಮಣೆ ಮೇಲೆ ಕೂರ್ತಿದೀನಾ?" ಎಂದು ಬೋರ್ಡಕ್ಕ ಅವಳ ಬಾಯಿ ಮುಚ್ಚಿಸಿದಳು.

ಆದರೆ ಆಕೆಯ ಹಟಗಳಲ್ಲೆಲ್ಲ ದೊಡ್ಡ ಹಟ ಬೇರೆಯೇ ಇತ್ತು. ಕೆಂಪು ತೋರಿಸಿದೊಡನೆ ಆಕೆ ಮನಸ್ಸಿನಲ್ಲೇ ಎಣಿಸತೊಡಗುವಳು. ಎಣಿಕೆ ನಲವತ್ತು ಮುಟ್ಟಿದರೆ ಮುಗಿಯಿತು, ಆಮೇಲೆ ಯಾರೇ ಬರಲಿ ಪಾದಚಾರಿಗಳು ಕಾಯಬೇಕು, ವಾಹನಗಳು ಹೋಗಬೇಕು. ನಗರಸಭೆಯ ಅಧ್ಯಕ್ಷರ ಕಾರನ್ನೇ ಒಮ್ಮೆ ತಡೆದು, ಇಳಿದು ಬಂದು ದಬಾಯಿಸಿದ ಚಾಲಕನಿಗೆ "ಕಾರು ಯಾರದ್ದಾದ್ರೇನಪ್ಪ, ಬ್ರೇಕ್ ಇದೆ ತಾನೇ?" ಎಂದು ಕೇಳಿದ ಅದೇ ಬೋರ್ಡಕ್ಕ, ಪಟ್ಟೆಯ ಮೇಲೆ ಫೋನು ನೋಡುತ್ತ ತೇಲಾಡಿಕೊಂಡು ಬರುತ್ತಿದ್ದ ಕಾಲೇಜು ಹುಡುಗಿಯರನ್ನು ಬೀದಿಯೆಲ್ಲ ಕೇಳುವಂತೆ ಬೈದಿದ್ದಳು: "ಮೆರವಣಿಗೆ ಹೊರಟಿದೀರೇನ್ರೇ? ಬಸ್ಸಲ್ಲಿ ಕೂತೋರಿಗೂ ಮನೆಮಠ ಇದೆ, ಕಾಲು ಎತ್ತಿ ಹಾಕಿ!" ನಡೆಯುವವರ ಪರವೆಂದೋ ವಾಹನಗಳ ವೈರಿಯೆಂದೋ ಆಕೆಯನ್ನು ಭಾವಿಸಿದವರು ಆಕೆಯನ್ನು ಅರಿತವರೇ ಅಲ್ಲ.

ತಮ್ಮನದು ಇದಕ್ಕೆ ತದ್ವಿರುದ್ಧ ಪ್ರಕೃತಿ. ಅವನು ನ್ಯಾಯಾಲಯದ ಬೆರಳಚ್ಚುಗಾರ. ಇತರರ ಅಪರಾಧಗಳನ್ನೂ ಇತರರ ಶಿಕ್ಷೆಗಳನ್ನೂ ದಿನವಿಡೀ ಬಡಿದು ಬಡಿದು, ಜಗತ್ತೆಂದರೆ ಎಲ್ಲೆಲ್ಲೂ ಕಾನೂನಿನ ಕಲಮುಗಳು ಬಾಯ್ದೆರೆದು ಕೂತಿರುವ ಜಾಗವೆಂದು ನಂಬಿದವನು. ಸುಮ್ಮನೆ ಕೂತಿದ್ದಾಗಲೂ ಅವನ ಬೆರಳುಗಳು ಮೊಣಕಾಲಿನ ಮೇಲೆ ಏನನ್ನೋ ಟೈಪು ಮಾಡುತ್ತಿದ್ದವು. ರಸ್ತೆ ತಡೆಯ ಹೊಸ ಕಾನೂನು ಬಂದ ಮೇಲಂತೂ ಎಂಟೇ ತಿಂಗಳಲ್ಲಿ ಮೂವತ್ತೊಂದು ತೀರ್ಪುಗಳನ್ನು ಅವನ ಬೆರಳುಗಳು ಹೊಡೆದಿದ್ದವು, ಕಲಮು ಕಂಠಪಾಠವಾಗಿತ್ತು. ಪ್ರತಿಭಟನೆಯ ನೆಪದಲ್ಲಿ ಸಾರ್ವಜನಿಕ ರಸ್ತೆಯಲ್ಲಿ ಕುಳಿತು, ನಿಂತು ಅಥವಾ ಮಲಗಿ ಸಂಚಾರ ತಡೆದವರಿಗೆ ದಂಡ. ಮುಂದಾಳಾದವರಿಗೆ ಒಂದು ವರ್ಷದವರೆಗೆ ಸೆರೆವಾಸ, ಸರ್ಕಾರದ್ದೋ ನಗರಸಭೆಯದ್ದೋ ಹುದ್ದೆಯಿದ್ದರೆ ಅದೂ ಹೋಯಿತು. ಕರ್ತವ್ಯದ ಮೇಲಿರುವವರ ಸೂಚನೆಯನ್ನು ಧಿಕ್ಕರಿಸಿ ತಡೆದವರಿಗೆ ದಂಡದ ಮಾತೇ ಇಲ್ಲ, ಮೂರು ತಿಂಗಳು ಸೆರೆಮನೆಯೊಳಗೆ.

ಇಂಥ ಹೊತ್ತಿನಲ್ಲೇ ನಗರಸಭೆಗೆ ಆ ಬಿಳಿಯ ಪಟ್ಟೆಗಳು ಕಣ್ಣಿಗೆ ಚುಚ್ಚಿದವು. ಪಟ್ಟೆ ಅಳಿಸುವುದು, ರಸ್ತೆಯ ಮಧ್ಯೆ ಕಬ್ಬಿಣದ ಬೇಲಿ ಹಾಕುವುದು, ದಾಟುವವರಿಗೆ ಕಾಲು ಮೈಲಿ ಆಚೆ ಐವತ್ತೆರಡು ಮೆಟ್ಟಿಲುಗಳ ಮೇಲ್ಸೇತುವೆ ಕಟ್ಟುವುದು ಎಂದು ನಿರ್ಣಯವಾಯಿತು. ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬರುವವರು, ವಾರಕ್ಕೆರಡು ಸಲ ರಕ್ತ ಶುದ್ಧಿ ಮಾಡಿಸಿಕೊಂಡು ಗೋಡೆ ಹಿಡಿದು ಹೊರಬೀಳುವವರು, ಬಸುರಿಯರು, ಇವರೆಲ್ಲ ಐವತ್ತೆರಡು ಹತ್ತಿ ಐವತ್ತೆರಡು ಇಳಿಯಬೇಕು. ಬೋರ್ಡಕ್ಕನ ಹುದ್ದೆಗೇನೂ ಕುತ್ತಿರಲಿಲ್ಲ. ಬೇರೊಂದು ಶಾಲೆಯ ಮುಂದೆ ಜಾಗ ಗೊತ್ತುಮಾಡಿದ್ದರು. ಆಕೆ ಅರ್ಜಿ ಬರೆದಳು. ಬಸ್‌ಸ್ಟಾಪಿನ ಪಕ್ಕದ ಔಷಧಿ ಅಂಗಡಿಯವನು ಬರೆದ, ಆಸ್ಪತ್ರೆಯ ದಾದಿಯರು ಬರೆದರು, ದಿನವೂ ಅಲ್ಲಿ ದಾಟುತ್ತಿದ್ದ ಊರುಗೋಲಿನ ಮೇಷ್ಟ್ರು ಮುದ್ದಾದ ಅಕ್ಷರದಲ್ಲಿ ಏಳು ಪುಟ ಬರೆದರು. ಉತ್ತರ ಬರಲಿಲ್ಲ. ಬಣ್ಣ ಕೆರೆಯುವ ಯಂತ್ರ ಬಂದು ರಸ್ತೆಯ ಪಕ್ಕ ನಿಂತಿತು.

ಒಂದು ಭಾನುವಾರ ಮಧ್ಯಾಹ್ನದ ಊಟದಲ್ಲಿ ಬೋರ್ಡಕ್ಕ ಅನ್ನ ಕಲಸುವುದನ್ನು ಬಿಟ್ಟು ಕೇಳಿದಳು: "ಲೋ, ಆ ನಿನ್ನ ಕಾನೂನಲ್ಲಿ ಏನಂತ ಇದೆ? ಒಂದ್ಸಲ ಹೇಳು."

ತಮ್ಮ ಹೆದರಿಸುವ ಸದುದ್ದೇಶದಿಂದಲೇ ಕಲಮನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದ.

"ಕೂತು, ನಿಂತು, ಮಲಗಿ..." ಆಕೆ ಬೆರಳು ಮಡಿಚಿದಳು. "ನಡೆದು ಅಂತ ಇಲ್ವಲ್ಲ?"

ಅವನು ಎತ್ತಿದ ತುತ್ತನ್ನು ತಟ್ಟೆಗೇ ಬಿಟ್ಟ. "ಅಕ್ಕಾ, ನಿನಗೆ ಕೈ ಮುಗೀತೀನಿ, ಆ ಯೋಚನೆ ಬಿಡು."

"ನಾನೇನಂದೆ? ಪಟ್ಟೆ ಇರೋದು ದಾಟೋಕೆ. ದಾಟ್ತೀವಿ. ಆಚೆ ಹೋದ್ಮೇಲೆ ಈಚೆ ಬರಬೇಕಲ್ಲ, ಬರ್ತೀವಿ. ಮನೆ ಸೇರೋದು ತಪ್ಪಾ?"

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಆಕೆ ಹಿಂದಿನ ಸಂಜೆ ಹೇಳಿ ಕರೆದಿದ್ದ ಅರವತ್ತು ಜನ ದಾಟತೊಡಗಿದರು. ಘೋಷಣೆಯಿಲ್ಲ, ಫಲಕವಿಲ್ಲ, ಭಾಷಣವಿಲ್ಲ. ಆಚೆ ತಲುಪಿದವರು ತಿರುಗಿ ಈಚೆ ಬಂದರು, ಈಚೆ ತಲುಪಿದವರು ತಿರುಗಿ ಆಚೆ ಹೋದರು. ರಾತ್ರಿಪಾಳಿ ಮುಗಿಸಿದ ದಾದಿಯರು ಚಪ್ಪಲಿ ಎಳೆಯುತ್ತ ನಡೆದರು, ಮೇಷ್ಟ್ರು ಊರುಗೋಲು ಟಕಟಕ ಕುಟ್ಟುತ್ತ ನಡೆದರು. ನಡುವೆ ಕೋಟು ತೊಟ್ಟು ಕೆಂಪು ಎತ್ತಿ ಹಿಡಿದು ಬೋರ್ಡಕ್ಕ. ಲಾರಿ, ಬಸ್ಸು, ಕಾರು, ಸ್ಕೂಟರುಗಳ ಸಾಲು ಬೆಳೆದು ಬೆಳೆದು ರೈಲ್ವೆ ಗೇಟಿನವರೆಗೂ ಹೋಯಿತಂತೆ. ಹಾರ್ನಿನ ಆರ್ಭಟ, ಕಿಟಕಿಯಿಂದ ತೂರಿಬಂದ ಬೈಗುಳ, ಮನೆಮಂದಿಯನ್ನೆಲ್ಲ ಎತ್ತಿ ಆಡಿದ ಮಾತು, ಏನುಂಟು ಏನಿಲ್ಲ! ಆಂಬುಲೆನ್ಸ್ ಬಂದಾಗ ಅರವತ್ತು ಜನವೂ ಕ್ಷಣಾರ್ಧದಲ್ಲಿ ಇಬ್ಭಾಗವಾಗಿ ದಾರಿ ಬಿಟ್ಟರು. ಅದು ಎಲ್ಲರೂ ಮೊದಲೇ ಒಪ್ಪಿಕೊಂಡದ್ದು. ಒಪ್ಪಿಕೊಳ್ಳದೇ ಇದ್ದ ಸಂಗತಿಯೊಂದು ಹತ್ತನೆಯ ನಿಮಿಷಕ್ಕೆ ನಡೆಯಿತು. ಬೋರ್ಡಕ್ಕ ಬೋರ್ಡನ್ನು ಹಸಿರಿಗೆ ತಿರುಗಿಸಿ, ಎಡಗೈ ಅಗಲಿಸಿ, "ಇರಿ, ಇರಿ" ಎಂದು ಜನರನ್ನು ತಡೆದಳು. ವಾಹನಗಳು ಗಡಗಡ ಹೊರಟವು. ನಲವತ್ತು ಎಣಿಸುವಷ್ಟು ಹೊತ್ತು.

ಔಷಧಿ ಅಂಗಡಿಯವನಿಗೆ ಮೈಯೆಲ್ಲ ಉರಿಯಿತು. "ಏನಕ್ಕಾ ಇದು? ಬಿಟ್ರೆ ಇದಕ್ಕೇನರ್ಥ? ತಡೆಯೋಕೆ ತಾನೇ ಬಂದಿರೋದು?"

"ತಡೆದಿದೀನಲ್ಲಪ್ಪ, ಹತ್ತು ನಿಮಿಷ. ಆ ಬಸ್ಸಲ್ಲಿ ಒಬ್ಬಳು ಕೂಸು ಎತ್ಕೊಂಡು ನಿಂತೇ ಇದಾಳೆ, ನಿನಗೆ ಕಾಣ್ಸಲ್ವಾ? ಹ್ಞಾಂ, ಬನ್ನಿ ಈಗ."

ಹೀಗೆ ಹತ್ತು ಹನ್ನೊಂದು ನಿಮಿಷಕ್ಕೊಮ್ಮೆ, ಎರಡು ಗಂಟೆಗಳಲ್ಲಿ ಹನ್ನೊಂದು ಬಾರಿ, ಆ ಹೆಂಗಸು ತಾನೇ ಒಡ್ಡಿದ ತಡೆಯನ್ನು ತಾನೇ ಸಡಿಲಿಸಿದಳು. ಬುದ್ಧಿಯಿಂದ ಮಾಡಿದ್ದಲ್ಲ, ತಂತ್ರವಂತೂ ಅಲ್ಲವೇ ಅಲ್ಲ. ಕಾದು ನಿಂತವರ ಮುಖಗಳನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿಕೊಂಡಿರಲು ಆಕೆಯಿಂದ ಆಗಲಿಲ್ಲ, ಅಷ್ಟೇ. ಹನ್ನೊಂದು ಗಂಟೆಗೆ ಪೊಲೀಸರು ಬಂದು ಅರವತ್ತೊಂದು ಜನರನ್ನೂ ವ್ಯಾನುಗಳಿಗೆ ಹತ್ತಿಸಿದರು.

ದೀಪದ ಕಂಬದ ಮೇಲೆ ಕ್ಯಾಮೆರಾ ಇತ್ತು. ಅದು ಕಂಡದ್ದನ್ನು ಸರ್ಕಾರಿ ವಕೀಲರು ಮೊದಲ ದಿನವೇ ನ್ಯಾಯಾಲಯದಲ್ಲಿ ತೋರಿಸಿದರು. 'ನಡೆದು' ಎಂಬ ಪದ ಕಾನೂನಿನಲ್ಲಿ ಇಲ್ಲವೆಂಬ ವಾದವನ್ನು ಅವರು, ಎಲ್ಲಿಗೂ ಹೋಗದೆ ನಡೆಯುವುದೆಂದರೆ ನಿಂತಂತೆಯೇ ಎಂದು ಒಂದೇ ಮಾತಿನಲ್ಲಿ ಹೊಡೆದುಹಾಕಿದರು. ಆಮೇಲೆ ಪರದೆಯತ್ತ ಬೆರಳು ತೋರಿದರು. ಬೋರ್ಡು ಹಸಿರಾಗುತ್ತದೆ, ವಾಹನಗಳು ಹೊರಡುತ್ತವೆ. ಬೋರ್ಡು ಕೆಂಪಾಗುತ್ತದೆ, ವಾಹನಗಳು ನಿಲ್ಲುತ್ತವೆ. ಒಂದಲ್ಲ, ಎರಡಲ್ಲ, ಹನ್ನೊಂದು ಸಲ. ಬಿಡುವ ಶಕ್ತಿ ಯಾರ ಕೈಯಲ್ಲಿತ್ತೋ ತಡೆಯುವ ಶಕ್ತಿಯೂ ಅವರ ಕೈಯಲ್ಲೇ ಇತ್ತು, ಇಷ್ಟು ಸ್ಪಷ್ಟವಾಗಿ ಮುಂದಾಳು ಯಾರೆಂದು ತೋರಿಸಿಕೊಟ್ಟ ಪ್ರತಿಭಟನೆಯನ್ನು ತಾವು ಕಂಡೇ ಇಲ್ಲ ಎಂದರು. ಒಂದು ಸಲವೂ ಬಿಡದೆ ನಿಂತಿದ್ದರೆ ಬೋರ್ಡಕ್ಕ ಅರವತ್ತೊಂದು ಮಂದಿಯಲ್ಲಿ ಒಬ್ಬಳಾಗಿ ದಂಡ ಕಟ್ಟಿ ಮನೆಗೆ ಬರುತ್ತಿದ್ದಳು. ತೋರಿದ ದಯೆಯೇ ಸಾಕ್ಷಿಯಾಯಿತು. ಬೇಂಚಿನ ಮೇಲೆ ಕೂತಿದ್ದ ತಮ್ಮನ ಬೆರಳುಗಳು ಮೊಣಕಾಲ ಮೇಲೆ ತಮ್ಮಷ್ಟಕ್ಕೆ ತಾವೇ ಹೊಡೆಯುತ್ತಿದ್ದವು: ಒಂದು ವರ್ಷದವರೆಗೆ, ಹುದ್ದೆಯಿಂದ ವಜಾ, ಒಂದು ವರ್ಷದವರೆಗೆ, ಹುದ್ದೆಯಿಂದ ವಜಾ.

ಅಕ್ಕನ ಮೊಕದ್ದಮೆಯೆಂದು ಮೇಲಿನವರು ಅವನನ್ನು ಆ ಕೋಣೆಯ ಟೈಪಿಂಗಿನಿಂದ ಬಿಡಿಸಿ ಬೇರೊಬ್ಬಳನ್ನು ಕೂರಿಸಿದ್ದರು. ವಿಚಾರಣೆ ನಡೆದ, ಮಾಡಲು ಕೆಲಸವಿಲ್ಲದ ಆ ಹತ್ತು ದಿನ ಅವನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಹೆಂಡತಿ ಟೀ ಕೊಟ್ಟರೆ ಲೋಟವನ್ನು ಎಲ್ಲೋ ಇಟ್ಟು ಮರೆಯುವನು. ಬಾಗಿಲವರೆಗೆ ಹೋಗುವನು, ಚಿಲಕ ಮುಟ್ಟುವನು, ವಾಪಸು ಬರುವನು. ಅವನೇ ಹುಡುಕಿ ಗೊತ್ತುಮಾಡಿದ ವಕೀಲೆ ಚುರುಕಿನ ಹೆಣ್ಣುಮಗಳು. ಆಕೆ ಒಂದು ದಾರಿ ತೋರಿಸಿದಳು. ಅಂದು ಎಂಟರಿಂದ ಹನ್ನೊಂದು ಬೋರ್ಡಕ್ಕನ ಕೆಲಸದ ಹೊತ್ತೇ ಅಲ್ಲವೇ? ಮೈಮೇಲೆ ಕೋಟು, ಕೈಯಲ್ಲಿ ಬೋರ್ಡು ಇತ್ತಲ್ಲವೇ? ಹಾಗಾದರೆ ಆಕೆ ಕರ್ತವ್ಯದ ಮೇಲಿದ್ದಳು, ದಾರಿ ಬಿಡಿಸಲು ಹನ್ನೊಂದು ಸಲ ಹೆಣಗಿದಳು, ಜನ ಕೇಳಲಿಲ್ಲ. ಮೂರೇ ಮೂರು ವಾಕ್ಯ. ಅಷ್ಟು ಹೇಳಿದರೆ ಮುಂದಾಳೆಂಬ ಆರೋಪ ಬಿದ್ದುಹೋಗುತ್ತದೆ.

ಉಳಿದ ಅರವತ್ತು ಮಂದಿಯ ಗತಿ ಏನೆಂದು ವಕೀಲೆ ಹೇಳಲಿಲ್ಲ. ಬೆರಳಚ್ಚುಗಾರನಿಗೆ ಹೇಳಬೇಕಾಗಿಯೂ ಇರಲಿಲ್ಲ. ಕರ್ತವ್ಯದ ಮೇಲಿದ್ದವಳ ಮಾತು ಧಿಕ್ಕರಿಸಿದವರಿಗೆ ಮೂರು ತಿಂಗಳು. ಮೇಷ್ಟ್ರಿಗೆ, ದಾದಿಯರಿಗೆ, ಔಷಧಿ ಅಂಗಡಿಯವನಿಗೆ. ಅದು ಗೊತ್ತಿದ್ದೂ ಅವನು ವಕೀಲೆಗೆ ಹೂಂ ಎಂದ.

ಹೇಳಿಕೆಯ ದಿನ ಬೆಳಿಗ್ಗೆ ನ್ಯಾಯಾಲಯದ ಮೊಗಸಾಲೆಯಲ್ಲಿ, ಕಡತಗಳ ಕಪಾಟುಗಳ ನಡುವೆ, ಅವನು ಅಕ್ಕನಿಗೆ ಶಾಲೆಮಕ್ಕಳಿಗೆ ಮಾಡಿಸುವಂತೆ ಬಾಯಿಪಾಠ ಮಾಡಿಸಿದ.

"ನಾನು ಕೆಲಸದ ಮೇಲಿದ್ದೆ," ಎಂದಳು ಬೋರ್ಡಕ್ಕ. "ವಾಹನ ಬಿಡಿಸೋಕೆ ನೋಡಿದೆ. ಜನ..." ಅಲ್ಲಿಗೆ ನಿಂತಳು. "ಜನ ಕೇಳಲಿಲ್ಲ ಅನ್ನೋದು ಸುಳ್ಳಲ್ವೇನೋ? ಇರಿ ಅಂದ್ರೆ ಇದ್ರು, ಬನ್ನಿ ಅಂದ್ರೆ ಬಂದ್ರು. ಆ ಮೇಷ್ಟ್ರು ಒಂದ್ಕಾಲಲ್ಲಿ ನಿಂತ್ಕೊಂಡಿದ್ರು ಕಣೋ."

"ಒಂದು ಮಾತು ಅಷ್ಟೇ ಅಕ್ಕಾ. ಎಲ್ಲರೂ ಹೇಳೋದೇ. ಇಲ್ಲಿ ದಿನಾ ಕೇಳ್ತೀನಿ ನಾನು."

"ಇದನ್ನ ಹೇಳಿದ್ರೆ ಅವರಿಗೇನಾಗುತ್ತೆ?"

ಹದಿನೆಂಟು ವರ್ಷ ಒಂದಕ್ಷರ ತಪ್ಪದೆ ಟೈಪು ಮಾಡಿದ ಮನುಷ್ಯ ಕಪಾಟಿನ ಕಡೆ ತಿರುಗಿ, "ಏನೂ ಆಗಲ್ಲ. ದಂಡ ಕಟ್ಟಿ ಹೋಗ್ತಾರೆ," ಎಂದ. ತಂದೆತಾಯಿ ತೀರಿಕೊಂಡಾಗ ಅವನು ಒಂಬತ್ತರವನು, ಆಕೆ ಇಪ್ಪತ್ತರವಳು. ಮದುವೆಯನ್ನೂ ಬದಿಗಿಟ್ಟು ಅವನನ್ನು ಓದಿಸಿ, ಟೈಪಿಂಗು ಕಲಿಸಿ, ಈ ಕಟ್ಟಡದವರೆಗೆ ತಂದು ಬಿಟ್ಟವಳು. ಅಂಥವಳನ್ನು ಕಂಬಿಯ ಹಿಂದೆ ನೋಡುವುದಕ್ಕಿಂತ ಅರವತ್ತು ಜನರ ಶಾಪ ವಾಸಿ ಎಂದು ಆ ಗಳಿಗೆಯಲ್ಲಿ ಅವನಿಗೆ ತೋರಿತು. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಯಿತು, ಹೇಳಿಬಿಟ್ಟೆನಲ್ಲ ಎಂದು ನಿರಾಳವೂ ಆಯಿತು.

ಒಳಗೆ ಕಟಕಟೆಗೆ ಕರೆದರು. ನ್ಯಾಯಾಧೀಶರು ವಯಸ್ಸಾದವರು, ಸಮಾಧಾನದವರು. ವಕೀಲೆ ಕಣ್ಸನ್ನೆ ಮಾಡಿದಳು. ಬೋರ್ಡಕ್ಕ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದು ಶುರು ಮಾಡಿದಳು.

"ನಾನು ಕೆಲಸದ ಮೇಲಿದ್ದೆ ಸ್ವಾಮಿ."

ಟೈಪು ಮಾಡುವವಳ ಬೆರಳು ಓಡಿತು.

"ವಾಹನ ಬಿಡಿಸೋಕೆ ನೋಡಿದೆ."

ಅದೂ ಅಚ್ಚಾಯಿತು. ಇನ್ನು ಒಂದೇ ವಾಕ್ಯ. ಬೋರ್ಡಕ್ಕ ಹಿಂದಿನ ಸಾಲುಗಳಲ್ಲಿ ಕೂತ, ಗೋಡೆಗೊರಗಿ ನಿಂತ ಆ ಅರವತ್ತು ಮಂದಿಯನ್ನು ನೋಡಿದಳು. ಅವರು ಈಕೆ ಏನು ಹೇಳುತ್ತಾಳೆಂದು ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಅಲ್ಲಿಂದ ಆಕೆಯ ದೃಷ್ಟಿ ತಮ್ಮನತ್ತ ಬಂತು. ಅವನು ತಲೆ ತಗ್ಗಿಸಿದ. ಲಾರಿಯ ಗಾಜಿನ ಹಿಂದಿರುವ ಡ್ರೈವರನ ಮುಖ ನೋಡಿ, ಇವನು ನಿಲ್ಲಿಸುತ್ತಾನೋ ನಿಲ್ಲಿಸಿದಂತೆ ಮಾಡಿ ನುಗ್ಗುತ್ತಾನೋ ಎಂದು ಕಣ್ಣುಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬಲ್ಲವಳಿಗೆ, ಎತ್ತಿ ಆಡಿಸಿ ಬೆಳೆಸಿದ ತಮ್ಮನ ಮುಖ ಓದುವುದು ಯಾವ ಮಹಾ ಕೆಲಸ!

"ಜನ ಕೇಳಿದ್ರು ಸ್ವಾಮಿ," ಎಂದಳು ಆಕೆ. "ಎಲ್ಲರೂ ನನ್ನ ಮಾತು ಕೇಳಿದ್ರು. ನಾನೇ ಕರೆದಿದ್ದು. ತಡೆದಿದ್ದೂ ನಾನೇ, ಬಿಟ್ಟಿದ್ದೂ ನಾನೇ."

ವಕೀಲೆ ಕಣ್ಣು ಮುಚ್ಚಿಕೊಂಡಳು. ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಡೆಯಲಿಕ್ಕೆಂದೇ ಬಂದವರು ಮತ್ತೆ ಮತ್ತೆ ಬಿಟ್ಟಿದ್ದೇಕಮ್ಮ?"

"ಅವರೂ ಎಲ್ಲಿಗೋ ಹೋಗಬೇಕಿತ್ತಲ್ಲ ಸ್ವಾಮಿ."

ತೀರ್ಪಿಗೆ ಒಂದು ವಾರ ಹಿಡಿಯಿತು. ಅರವತ್ತು ಮಂದಿಗೆ ದಂಡ. ಬೋರ್ಡಕ್ಕನಿಗೆ, ಆಕೆಯ ನಡತೆಯನ್ನೂ ವಯಸ್ಸನ್ನೂ ಪರಿಗಣಿಸಿ, ಎರಡು ತಿಂಗಳ ಸೆರೆವಾಸ. ಹುದ್ದೆಯ ವಿಷಯದಲ್ಲಿ ಕಾನೂನು ನ್ಯಾಯಾಲಯಕ್ಕೆ ವಿವೇಚನೆ ಕೊಟ್ಟಿಲ್ಲವೆಂದು ನ್ಯಾಯಾಧೀಶರು ವಿಷಾದದಿಂದಲೇ ಓದಿದರು. ವಾರ ಮುಗಿಯುವ ಮೊದಲೇ ಪಟ್ಟೆ ಕೆರೆದದ್ದಾಗಿತ್ತು, ಬೇಲಿ ನೆಟ್ಟದ್ದಾಗಿತ್ತು. ಗೆದ್ದೆವೆಂದು ಹೇಳಲು ಯಾರಿಗೂ ಏನೂ ಉಳಿದಿರಲಿಲ್ಲ.

ಪೊಲೀಸಮ್ಮ ಕರೆದೊಯ್ಯುವ ಮುನ್ನ ಮೊಗಸಾಲೆಯಲ್ಲಿ ಎರಡು ನಿಮಿಷ ಕೊಟ್ಟಳು. ತಮ್ಮ ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ. "ಅಕ್ಕಾ, ನಾನು ಸುಳ್ಳು ಹೇಳ್ದೆ. ಅವರಿಗೆ ಮೂರು ತಿಂಗಳಾಗೋದು. ನನಗೆ ಗೊತ್ತಿತ್ತು."

"ಗೊತ್ತಾಯ್ತು ಬಿಡೋ." ಆಕೆ ಸೆರಗಿನಿಂದ ಅವನ ಮುಖ ಒರೆಸಿದಳು. ಸಿಟ್ಟಿರಲಿಲ್ಲ, ಆಯಾಸವಿತ್ತು. "ನೀನು ನನ್ನೊಬ್ಬಳನ್ನೇ ದಾಟಿಸೋಕೆ ನೋಡ್ದೆ. ಅದ್ರಲ್ಲಿ ಪ್ರೀತಿ ಇಲ್ಲ ಅಂತೀನಾ? ಇದೆ. ಆದ್ರೆ ಹಾಗೆಲ್ಲ ದಾಟಿಸ್ಬಾರ್ದು ಕಣೋ."

ಹೋದಳು. ತಮ್ಮ ಬಹಳ ಹೊತ್ತು ಅಲ್ಲೇ ಅತ್ತಿಂದಿತ್ತ ತಿರುಗಾಡಿದ. ಮಾರನೆಯ ದಿನ ಕೆಲಸಕ್ಕೆ ಬಂದಾಗ ಅಕ್ಕನ ತೀರ್ಪಿನ ನಂತರದ್ದು, ಅದೇ ಕಾನೂನಿನ ಮೂವತ್ಮೂರನೆಯ ತೀರ್ಪು ಅವನ ಮೇಜಿನ ಮೇಲಿತ್ತು, ಬೇರೆ ಊರಿನ ಬೇರೆ ಯಾರದೋ. ಮುಂದಾಳು ಎಂಬ ಪದ ಬಂದಲ್ಲಿ ಅವನ ಕೈ ನಿಂತಿತು. ಈವರೆಗೆ ತಾನು ಟೈಪು ಮಾಡಿದ ಮುಂದಾಳುಗಳೆಲ್ಲರಿಗೂ ಒಬ್ಬ ತಮ್ಮನೋ ತಂಗಿಯೋ ಇದ್ದಿರಬೇಕೆಂದು ಅವನಿಗೆ ಮೊದಲ ಬಾರಿ ಹೊಳೆಯಿತು.

ಬೋರ್ಡಕ್ಕನಂಥವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರಿರುತ್ತಾರೆ. ಇವರನ್ನು ದಂಡಿಸುವುದು ಕಾನೂನಿಗೆ ಬಲು ಸುಲಭ. ಮಾಡಿದ್ದನ್ನು ಬಚ್ಚಿಡುವ ವಿದ್ಯೆ ಇವರಿಗೆ ಬಾರದು, ಎದುರಾಳಿಯೆಂದು ಯಾರನ್ನು ತಡೆದರೋ ಅವರ ಅವಸರವನ್ನೂ ಇವರು ತಮ್ಮದೆಂದೇ ಎಣಿಸುತ್ತಾರೆ. ಕಷ್ಟವೆಲ್ಲ ಇವರನ್ನು ಪ್ರೀತಿಸುವವರದು. ಇವರೊಬ್ಬರನ್ನೇ ಉಳಿಸಿಕೊಳ್ಳುತ್ತೇನೆಂದು ಹೊರಟರೆ ಇವರು ಕೈಗೆ ಸಿಗುವುದಿಲ್ಲ; ಉಳಿಸಬೇಕೆಂದರೆ ಇವರ ಹಿಂದಿರುವ ಅರವತ್ತು ಜನರನ್ನೂ ಉಳಿಸಬೇಕು. ಅಷ್ಟು ದೊಡ್ಡ ಮನಸ್ಸು ಆ ತಮ್ಮನಿಗಿರಲಿಲ್ಲ. ನಮ್ಮಲ್ಲಿ ಬಹುಮಂದಿಗೆ ಇಲ್ಲ; ಆದ್ದರಿಂದಲೇ ಇಂಥವರು ನಮ್ಮ ಮನೆಗಳಲ್ಲೇ ಹುಟ್ಟಿ, ನಮ್ಮ ಕೈಯಡುಗೆಯನ್ನೇ ಉಂಡು, ಕೊನೆಗೆ ನಮ್ಮ ಕಣ್ಣೆದುರಿಗೇ ಪೊಲೀಸರ ಹಿಂದೆ ನಡೆದುಹೋಗುತ್ತಾರೆ, ನಾವು ಪ್ರೀತಿ ಕಡಿಮೆ ಮಾಡಿದ್ದರಿಂದಲ್ಲ, ಅದನ್ನು ಅವರೊಬ್ಬರಿಗೇ ಕೊಟ್ಟದ್ದರಿಂದ.